ಎಮ್ಮೆಯೂ ಬಿಸ್ಕತ್ತಿನ ಡಬ್ಬಿಯೂ

ದಿವಾಡಿ,
ನವೆಂಬರ್ ೧೬, ಭಾನುವಾರ

ಮಗಳು ವೆಲೆನ್ಸಿಯಾಗೆ,

ಮೊದಲು ಬೈಗುಳ, ಆಶೀರ್ವಾದ ಆಮೇಲೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನಿಗೆ ಅರವತ್ತೊಂಬತ್ತನೇ ವಯಸ್ಸಿನಲ್ಲಿ ‘ಉತ್ತರ ಬರೆಯಿರಿ’ ಎಂದು ಅಪ್ಪಣೆ ಮಾಡುತ್ತೀಯಲ್ಲ, ಯಾವ ಊರಿನ ನ್ಯಾಯ ಇದು? ನನ್ನ ಕೈ ಇದುವರೆಗೆ ಕಾಗದದ ಮೇಲೆ ಬರೆದದ್ದೆಲ್ಲ ಸ್ವರ. ಇಗರ್ಜಿಯ ಸಂಗೀತ ಶಾಲೆಯಲ್ಲಿ ಐದು ಗೆರೆ ಎಳೆದು ಅದರ ಮೇಲೆ ಗುಂಡು ಕೂರಿಸುವುದನ್ನು ಪಾದ್ರಿಗಳು ಬೆತ್ತ ಹಿಡಿದು ಕಲಿಸಿದರು. ಅಕ್ಷರ ಕೂರಿಸುವುದನ್ನು ಯಾರೂ ಅಷ್ಟು ಹೊಡೆದು ಕಲಿಸಲಿಲ್ಲ. ತಪ್ಪುಗಳಿದ್ದರೆ ನೀನೇ ತಿದ್ದಿಕೊಂಡು ಓದು, ಟೀಚರಮ್ಮ.

ಫೋನಿನಲ್ಲಿ ಹೇಳಿಬಿಡುತ್ತೇನೆ ಅಂದರೆ ನಿನ್ನ ಅಮ್ಮ ಬಿಡಲಿಲ್ಲ. “ಅಣ್ಣಾ, ನೀನು ಫೋನಲ್ಲಿ ಮಾತಾಡೋದಲ್ಲ, ‘ಹಾಂ? ಹಾಂ?’ ಅಂತ ಬೊಬ್ಬೆ ಹೊಡೆಯೋದು. ಹೊಳೆ ಆಚೆ ರಾಯಬಂದರದವರು ಏನಾಯ್ತು ಅಂತ ಎದ್ದು ನೋಡ್ತಾರೆ. ಕೂತ್ಕೊಂಡು ಬರಿ” ಎಂದು ಕಾಗದ ಪೆನ್ನು ಎರಡನ್ನೂ ಊಟದ ಮೇಜಿನ ಮೇಲೆ ಕುಕ್ಕಿ ಹೋದಳು. ನನ್ನ ಎಡಗಿವಿಯನ್ನು ನಮ್ಮ ಬ್ಯಾಂಡಿನಲ್ಲಿ ಡ್ರಮ್ಮು ಬಾರಿಸುವ ಬಾಸ್ತ್ಯಾಂವನ ತಾಳ ತಿಂದು ನಾಲ್ಕು ವರ್ಷವಾಯಿತು. ಬಲಗಿವಿ ಇದೆ, ಆದರೆ ಅದಕ್ಕೂ ಹೆಂಗಸರ ದನಿ ಹಿಡಿಸುವುದಿಲ್ಲ. ನಾನು ನುಡಿಸುವ ಬಾಸ್ ಗಿಟಾರಿನ ತಗ್ಗು ದನಿ ಹಿಡಿಸುತ್ತದೆ. ಅದು ಕಿವಿಗೆ ಬರುವುದಕ್ಕೆ ಮೊದಲು ಪಾದಕ್ಕೆ ಬರುತ್ತದೆ.

ನಿನ್ನ ಪತ್ರ ಗುರುವಾರ ಬಂತು. ಎರಡು ಸಲ ಓದಿದೆ. ಮುಂದಿಟ್ಟ ಗಂಜಿ ತಣ್ಣಗಾಯಿತು. ಮುಂಬೈಯಲ್ಲಿ ಶಾಲೆ, ಮಕ್ಕಳು, ಬಾಂದ್ರಾದ ಇಗರ್ಜಿಯ ಗಾಯನ, ಎಲ್ಲ ಚೆನ್ನಾಗಿದೆ ಎಂದು ಬರೆದಿದ್ದೀಯ, ಸಂತೋಷ. ಆದರೆ ಕೆಳಗೆ ಬರೆದ ನಾಲ್ಕು ಸಾಲು ನನಗೆ ಸಂತೋಷ ಕೊಡಲಿಲ್ಲ. ಸ್ಪೀಕರ್ ಪೆಟ್ಟಿಗೆಯ ಮೇಲೆ ಇಟ್ಟು ಗಿಟಾರಿನ ದನಿ ಏರಿಸುವ ಹಗುರದ ಹೆಡ್ ಒಂದನ್ನು ಕೊಳ್ಳಬೇಕು, ಮೂರು ನೋಡಿ ಇಟ್ಟಿದ್ದೇನೆ, ಯಾವುದೆಂದು ನೀವೇ ಆರಿಸಿ ಎಂದಿದ್ದೀಯ. ಏಕೆ ನಾನು ಆರಿಸಬೇಕು? ‘ಆಲ್ದೋಣೆಯ ಮದುವೆಯಲ್ಲಿ ಆದದ್ದರ ಮೇಲೆ ನನ್ನ ಕಿವಿಯನ್ನು ನಾನೇ ನಂಬುವುದಿಲ್ಲ. ಮೇಸ್ತನಿಗೆ ಹೇಳಿಬಿಡಿ, ನಿಮ್ಮ ಜಾಗಕ್ಕೆ ನಾನು ಬರುವುದಿಲ್ಲ. ಇಗರ್ಜಿಯಲ್ಲಿ ಮೆಲ್ಲಗೆ ನುಡಿಸಿಕೊಂಡು ಇರುತ್ತೇನೆ.’

ಮೆಲ್ಲಗೆ ನುಡಿಸಿಕೊಂಡು ಇರುತ್ತಾಳಂತೆ! ನೀನು ಹನ್ನೊಂದು ವರ್ಷದವಳಿದ್ದಾಗ ಇಗರ್ಜಿಯ ಹಾಲಿನಲ್ಲಿ ನಾವು ತಾಲೀಮು ಮಾಡುತ್ತಿದ್ದೆವು. ನಿನ್ನ ಅಮ್ಮ ಕಳಿಸಿದ ಕಡುಬು ಹಿಡಿದುಕೊಂಡು ಬಂದವಳು ನನ್ನ ಪೆಟ್ಟಿಗೆಯ ಪಕ್ಕಕ್ಕೆ ಅಂಗೈ ಇಟ್ಟು ನಿಂತೆ. ಅಲ್ಲಿ ಎಂಟು ಜನ ಗಂಡಸರಿದ್ದೆವು, ಬ್ಯಾಂಡಿನ ಯಜಮಾನ ಇನಾಸ್ ಮೇಸ್ತ ತುತ್ತೂರಿ ಹಿಡಿದು ನಿಂತಿದ್ದ, ಪೋರ್ತುಗೀಜರ ಕಾಲದಲ್ಲಿ ಸ್ವರ ಕಲಿತ ಪಿಟೀಲಿನ ಮುದುಕನೂ ಇದ್ದ. ನೀನು ಈ ಮಾವನಿಗೆ ಹೇಳಿದೆ, “ತಿತೀವ್, ನಿಮ್ಮ ಮೂರನೇ ತಂತಿ ಇಳಿದಿದೆ.” ಎಲ್ಲರೂ ನಕ್ಕರು. ನಾನು ನೋಡಿದೆ. ಇಳಿದಿತ್ತು. ಕೂದಲೆಳೆಯಷ್ಟು. ಆ ದಿನವೇ ನಾನು ನಿನ್ನ ಅಮ್ಮನಿಗೆ ಹೇಳಿದೆ, ಲಿಂಡಾ, ಈ ಹುಡುಗಿಗೆ ಹೊಲಿಗೆ ಕಲಿಸಬೇಡ, ಇವಳನ್ನು ನನಗೆ ಕೊಡು ಎಂದು. ಕೊಟ್ಟಳು. ಆರು ವರ್ಷ ಬೈದು ಬೈದು ಕಲಿಸಿದೆ. ಕಲಿಸಿದ್ದು ಬೆರಳಿಗೆ ಮಾತ್ರ. ಕಿವಿಯನ್ನು ನೀನು ದೇವರ ಹತ್ತಿರದಿಂದಲೇ ತಂದಿದ್ದೆ. ಅದನ್ನು ನಂಬುವುದಿಲ್ಲ ಅಂದರೆ ನನ್ನನ್ನು ಬೈದ ಹಾಗಲ್ಲ, ಅವನನ್ನು ಬೈದ ಹಾಗೆ.

ವಿಷಯ ಸರಿಯಾಗಿ ತಿಳಿದುಕೋ, ಆಮೇಲೆ ನನಗೆ ಯಾರೂ ಹೇಳಲಿಲ್ಲ ಅನ್ನಬೇಡ. ‘ಮಾಂಡವಿ ಎಂಟು’ ಅಂತ ಬ್ಯಾಂಡಿನ ಹೆಸರು, ಈಗ ಉಳಿದಿರುವುದು ಆರು ಜನ. ಅದರಲ್ಲಿ ನಲವತ್ತೊಂದು ವರ್ಷ ಡ್ರಮ್ಮಿನ ಪಕ್ಕ ನಿಂತವನು ನಾನು. ಇನ್ನು ನಿಲ್ಲಲಾರೆ. ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲದ ನಾಲ್ಕು ವಾರ ಮದುವೆಗಳಿಲ್ಲ, ಕ್ರಿಸ್ಮಸ್ಸಿನ ಮಾರನೇ ದಿನದಿಂದ ಒಂದರ ಹಿಂದೆ ಒಂದು. ಅಷ್ಟರೊಳಗೆ ನೀನು ಬರದಿದ್ದರೆ ಮೇಸ್ತ ಬಾಸಿಗೆ ಬೇರೆಯವರನ್ನು ಹುಡುಕುವುದಿಲ್ಲ. ಕೀಬೋರ್ಡಿನ ಜೋವಿತ್ ಎಡಗೈಯಲ್ಲಿ ಬುಸುಬುಸು ಅನ್ನಿಸಿ ಮುಗಿಸುತ್ತಾನೆ. ಒಂದು ಸಲ ಕೀಬೋರ್ಡಿನ ಎಡಗೈಗೆ ಹೋದ ಬಾಸ್ ಗಿಟಾರಿಗೆ ಮರಳಿದ್ದನ್ನು ಯಾವ ಬ್ಯಾಂಡಿನಲ್ಲೂ ನಾನು ಕಂಡಿಲ್ಲ. ಒಬ್ಬ ಮನುಷ್ಯ ಕಡಿಮೆ ಅಂತ ಎಲ್ಲರಿಗೂ ಅನುಕೂಲವೇ. ನಮ್ಮ ಜಾಗ ಅಲ್ಲಿಗೆ ಹೋಯಿತು.

ಈಗ ಯಂತ್ರದ ಮಾತು.

ನೀನು ಬರೆದ ಮೂರೂ ಹೆಡ್‌ಗಳನ್ನು ನಾನು ನುಡಿಸಿ ನೋಡಿದ್ದೇನೆ. ಬಾಯಿ ಮುಚ್ಚು, ಹೌದು, ನಾನೇ. ಮಡಗಾಂವಿನ ಕುಂಡೈಕರ್ ಅಂಗಡಿಗೆ ಶುಕ್ರವಾರ ಹೋದೆ. “ಏನು ಸಾಂತಾನ್‌ಬಾಬ್, ಎಮ್ಮೆ ಸತ್ತು ಹೋಯ್ತಾ?” ಎಂದ. ನನ್ನ ಹಳೇ ವಾಲ್ವಿನ ಹೆಡ್‌ಗೆ ಎಮ್ಮೆ ಎಂಬ ಹೆಸರು ದಿವಾಡಿ ದಾಟಿ ಮಡಗಾಂವಿನವರೆಗೂ ಹೋಗಿದೆ ಅಂತ ಆಗ ಗೊತ್ತಾಯಿತು. ಸತ್ತಿಲ್ಲ, ಇನ್ನೂ ನಿನಗಿಂತ ಚೆನ್ನಾಗಿ ಹಾಲು ಕೊಡುತ್ತದೆ ಎಂದೆ. ಅವನ ಅಂಗಡಿಯಲ್ಲಿ ಕೂತು ನುಡಿಸು ಅಂದ. ಅದು ಆಗುವ ಮಾತಲ್ಲ. ಇದನ್ನು ಬರೆದಿಟ್ಟುಕೋ: ಅಂಗಡಿಯಲ್ಲಿ ಒಬ್ಬನೇ ಕೂತು ನುಡಿಸಿ ಹೆಡ್ ಆರಿಸುವವನು, ಹೆಂಡತಿಯನ್ನು ಫೋಟೋ ನೋಡಿ ಆರಿಸುವವನು, ಇಬ್ಬರೂ ಒಂದೇ. ಒಬ್ಬನೇ ಇದ್ದಾಗ ಕೆಳಸ್ವರ ಏರಿಸಿದಷ್ಟೂ ಸುಖ, ಹೊಟ್ಟೆ ತುಂಬಿದ ಹಾಗೆ ಇರುತ್ತದೆ. ಡ್ರಮ್ಮು ತುತ್ತೂರಿ ಶುರುವಾದ ಮೇಲೆ ಆ ಸುಖವೆಲ್ಲ ಎಲ್ಲಿ ಹೋಯಿತೋ ಗೊತ್ತಾಗುವುದಿಲ್ಲ. ಬ್ಯಾಂಡಿನೊಳಗೆ ಕೇಳಿಸುವುದು ನಡುಸ್ವರ ಏರಿಸುವ ನಡುವಿನ ಗುಂಡಿ. ಹಾಗಾಗಿ ಮೂರನ್ನೂ ಒಂದು ದಿನದ ಮಟ್ಟಿಗೆ ಕೊಡು, ನಿನ್ನ ಮಗಳ ಮದುವೆಯಲ್ಲಿ ಪುಕ್ಕಟೆ ನುಡಿಸುತ್ತೇವೆ ಎಂದೆ. “ನನ್ನ ಮಗಳಿಗಿನ್ನೂ ಆರು ವರ್ಷ” ಎಂದ. ಹಾಗಾದರೆ ಹೊಣೆ ಇನ್ನೂ ದೊಡ್ಡದು, ಅಷ್ಟು ವರ್ಷ ಬದುಕಿರಬೇಕಲ್ಲ ಎಂದೆ. ಕೊಟ್ಟ.

ಮೂರೂ ಒಂದೇ ಬಟ್ಟೆ ಚೀಲದಲ್ಲಿ ಹಿಡಿಸಿದವು. ಪೈಲಟನ ಬಾಡಿಗೆ ಮೋಟಾರ್‌ಸೈಕಲ್ಲಿನ ಹಿಂದೆ ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ನಲವತ್ತು ವರ್ಷ ನನ್ನನ್ನು ಕಂಡರೆ ಬೇರೆ ಕಡೆ ನೋಡುತ್ತಿದ್ದ ಪೈಲಟರು ಇವರೇ. ಎಮ್ಮೆ ಇಪ್ಪತ್ತಮೂರು ಕಿಲೋ. ಹಡಗಿನ ಬ್ಯಾಂಡಿನಲ್ಲಿದ್ದವನಿಂದ ಅದನ್ನು ಕೊಂಡ ವರ್ಷ ನಾನು ಮದುವೆಯಾದದ್ದು, ಎರಡನ್ನೂ ಒಂದೇ ಫೆರಿಯಲ್ಲಿ ದಿವಾಡಿಗೆ ತಂದೆ. ಫೆರಿಯಿಂದ ಇಳಿಸುವಾಗ ಹಿಂದೊಬ್ಬ ಮುಂದೊಬ್ಬ ಬೇಕಿತ್ತು, ಎಮ್ಮೆಗೆ. ಇವತ್ತು ನನ್ನ ಸೊಂಟದ ಮೂರು ಗಿಣ್ಣು ಸವೆದಿವೆ ಎಂದು ಡಾಕ್ಟರ್ ಚಿತ್ರ ತೋರಿಸಿದನಲ್ಲ, ಅದು ಆ ಹೆಡ್ಡು ಬರೆದ ಚಿತ್ರ. ನೀನು ಹಗುರದ್ದು ಬೇಕು ಅಂದಾಗಲೆಲ್ಲ ನಾನು ನಕ್ಕೆ. ನಗಬಾರದಿತ್ತು.

ಒಂದು ಕಿಲೋದ್ದು: ಬೇಡ. ಅಂಗೈ ಅಗಲ ಇದೆ, ನೋಡಲು ಮುದ್ದು. ಡಬ್ಬಿಯ ಮೇಲೆ ಬರೆದ ವಾಟನ್ನು ನಂಬಬೇಡ, ಅದು ಮದುವೆ ದಲ್ಲಾಳಿ ಹೇಳುವ ಹುಡುಗನ ಸಂಬಳದ ಹಾಗೆ. ದನಿ ಪರವಾಗಿಲ್ಲ. ಆದರೆ ಅದಕ್ಕೆ ಮೈಯಲ್ಲಿ ಭಾರವೇ ಇಲ್ಲ. ನಿನ್ನೆ ಇಗರ್ಜಿಯ ಹಾಲಿನಲ್ಲಿ ಬ್ಯಾಂಡಿನ ಜೊತೆ ಗಟ್ಟಿ ನುಡಿಸಿದರೆ ಪೆಟ್ಟಿಗೆಯ ನಡುಕಕ್ಕೆ ತಾನೇ ತೆವಳುತ್ತಾ ಅಂಚಿಗೆ ಬಂತು, ಕೊನೆಗೆ ಕೇಬಲ್ಲಿನ ಭಾರವೇ ಅದನ್ನು ಹಿಂದಕ್ಕೆ ಜಗ್ಗಿ ಬೀಳಿಸಿತು. ಬಾಸ್ತ್ಯಾಂವ್ ಕಾಲು ಚಾಚಿ ಹಿಡಿದ, ಇಲ್ಲದಿದ್ದರೆ ಕುಂಡೈಕರನ ಮಗಳ ಜೊತೆಗೆ ಮೊಮ್ಮಗಳ ಮದುವೆಗೂ ನುಡಿಸಬೇಕಾಗುತ್ತಿತ್ತು. ಯಾವುದು ಕೊಂಡರೂ ಕೆಳಗೆ ಒಂದು ರಬ್ಬರಿನ ಹಾಸು ಹಾಕು. ನಿನ್ನ ಅಮ್ಮ ರುಬ್ಬುವ ಯಂತ್ರದ ಕೆಳಗೆ ಹಾಕುತ್ತಾಳಲ್ಲ, ಅಂಥದ್ದು.

ನಾಲ್ಕು ಕಿಲೋದ್ದು, ಒಳಗೆ ಒಂದು ವಾಲ್ವ್ ಇರುವುದು: ದನಿ ಚೆನ್ನ. ಕಣ್ಣು ಮುಚ್ಚಿದರೆ ಎಮ್ಮೆಯ ಕರುವೇ ಅನ್ನಬೇಕು. ಆದರೆ ಅದರ ಫ್ಯಾನ್ ನಿಲ್ಲುವುದೇ ಇಲ್ಲ. ಹಾಲಿನಲ್ಲಿ ನಾವು ಸುಮ್ಮನಾದಾಗ ಅದೊಂದೇ ಗೊರಕೆ ಹೊಡೆಯುತ್ತಿತ್ತು. ಬಲಗಿವಿ ಒಂದೇ ಇರುವ ನನಗೇ ಕೇಳಿಸಿತು ಅಂದರೆ ನೋಡು. ನಿನ್ನ ಇಗರ್ಜಿಯಲ್ಲಿ ಪಾದ್ರಿಗಳು ತಲೆ ತಗ್ಗಿಸಿ ಪ್ರಾರ್ಥನೆ ಮಾಡುವಾಗ ಯಾರೋ ನಿದ್ದೆ ಹೋಗಿದ್ದಾರೆ ಎಂದು ಜನ ತಿರುಗಿ ನೋಡುತ್ತಾರೆ. ಅಲ್ಲದೆ ಇಗರ್ಜಿಯ ಕರೆಂಟು ಏರಿ ಇಳಿದಾಗೆಲ್ಲ ಅದರ ದನಿಯೂ ಮುಖ ಸಣ್ಣ ಮಾಡಿತು, ಹಳ್ಳಿಯ ಮದುವೆಯ ಜನರೇಟರಿನಲ್ಲಿ ಕೇಳುವುದೇ ಬೇಡ. ಅದೂ ಬೇಡ.

ಮೂರನೆಯದು ಎರಡೂವರೆ ಕಿಲೋದ್ದು.

ಇಲ್ಲಿಗೆ ಬಂದು ಪೆನ್ನು ಇಟ್ಟು ಹೋಗಿ ಚಹ ಕುಡಿದು ಬಂದೆ. ಬ್ರೆಡ್ಡು ಮಾರುವ ಪೊದೇರ ಬಂದ, ಎರಡು ಪೊಯಿ ಬ್ರೆಡ್ಡು ತಗೊಂಡೆ. ಬೇಲಿ ನೋಡಿ ಬಂದೆ. ಇನ್ನು ನೋಡುವುದು ಏನೂ ಉಳಿದಿಲ್ಲ.

ಈ ಮೂರನೆಯದು ನಿನಗೆ ಗೊತ್ತಿರುವುದೇ. ಮೇ ತಿಂಗಳಲ್ಲಿ ನೀನು ಮುಂಬೈಯ ಗೆಳತಿಯದ್ದು ಅಂತ ಎರವಲು ತಂದಿದ್ದೆಯಲ್ಲ, ಅದೇ ಕಂಪನಿ, ಅದೇ ಮಾದರಿ. ನಾನು ನೋಡಿ, “ಇದೇನೇ, ಬಿಸ್ಕತ್ತಿನ ಡಬ್ಬೀನಾ?” ಅಂದಿದ್ದೆ. ನೀನು ಇಗರ್ಜಿಯ ಹಾಲಿನಲ್ಲಿ ನುಡಿಸಿ ತೋರಿಸಿದೆ. ಚೆನ್ನಾಗಿತ್ತು. ಚೆನ್ನಾಗಿದೆ ಎಂದು ಹೇಳಲಿಲ್ಲ. ನೀನು ಹೋಗುವಾಗ, “ತಿತೀವ್, ಒಂದೇ ಒಂದು ಮದುವೆಗೆ ಇದನ್ನು ಒಯ್ಯಿರಿ, ನಿಮ್ಮ ಸೊಂಟದ ಆಣೆ” ಎಂದು ಬಿಟ್ಟು ಹೋದೆ. ಹಿಂಬದಿಯಲ್ಲಿ ಬಿಳಿ ಪಟ್ಟಿ ಅಂಟಿಸಿ ನೀಲಿ ಶಾಯಿಯಲ್ಲಿ ಬರೆದಿದ್ದೆ: ‘ಒಂದೇ ಪೆಟ್ಟಿಗೆ. ಎರಡು ಜೋಡಿಸಬೇಡಿ.’

ಮಳೆಗಾಲಕ್ಕೆ ಮೊದಲಿನ ಕೊನೆಯ ಮದುವೆ ಆಲ್ದೋಣೆಯದ್ದು. ಒಯ್ದೆ. ವೇದಿಕೆಯ ಮೇಲೆ ಅದನ್ನು ಇಟ್ಟಾಗ ಇನಾಸ್ ಮೇಸ್ತ ಬಗ್ಗಿ ನೋಡಿ, “ಏನೋ ಸಾಂತಾನ್, ಊಟದ ಡಬ್ಬಿ ತಂದಿದ್ದೀಯಾ? ನಮ್ಗೂ ಸ್ವಲ್ಪ ಸೊರ್ಪತೆಲ್ ಇಡು” ಎಂದ. ಎಲ್ಲರೂ ನಕ್ಕರು. ಅವನು ಹಿಂದೆ ಬಂದು ನಿನ್ನ ಬಿಳಿ ಪಟ್ಟಿಯನ್ನು ಕಂಡರೆ ಇಡೀ ಸೀಸನ್ ನನ್ನನ್ನು ಬಿಡುವುದಿಲ್ಲ ಅನ್ನಿಸಿತು. ನಲವತ್ತೊಂದು ವರ್ಷ ನುಡಿಸಿದವನಿಗೆ ಹುಡುಗಿಯೊಬ್ಬಳು ಚೀಟಿ ಬರೆದು ಕಳಿಸಿದ್ದಾಳೆ! ಉಗುರಿನಿಂದ ಕಿತ್ತು ಉಂಡೆ ಮಾಡಿ ಜೇಬಿಗೆ ಹಾಕಿದೆ. ಅಷ್ಟಕ್ಕೇ ನಿಲ್ಲಲಿಲ್ಲ. ಇಷ್ಟು ಸಣ್ಣದು ಅಂಗಳದ ಕೊನೆಯವರೆಗೆ ಹೇಗೆ ಮುಟ್ಟೀತು ಎಂದು ನನ್ನ ಪೆಟ್ಟಿಗೆಯ ಜೊತೆಗೆ ಮದುವೆ ಮನೆಯವರು ತರಿಸಿದ್ದ ಇನ್ನೊಂದು ದೊಡ್ಡ ಪೆಟ್ಟಿಗೆಯನ್ನೂ ಅದಕ್ಕೇ ಜೋಡಿಸಿದೆ. ಎರಡೂ ನಾಲ್ಕು ಓಮಿನವು. ನಾಲ್ಕು ಓಮಿನ ಎರಡನ್ನು ಒಟ್ಟಿಗೆ ಕಟ್ಟಿದರೆ ತಡೆ ಎರಡು ಓಮಿಗೆ ಇಳಿಯುತ್ತದೆ, ಯಂತ್ರದ ಹೊರೆ ಇಮ್ಮಡಿಯಾಗುತ್ತದೆ. ನಾಲ್ಕಕ್ಕಿಂತ ಕೆಳಗೆ ಇಳಿಸಬೇಡ ಎಂದು ಯಂತ್ರದ ಬೆನ್ನ ಮೇಲೂ ಅಚ್ಚಾಗಿತ್ತು. ಎಮ್ಮೆಗೆ ಹಿಂಬದಿಯಲ್ಲಿ ಒಂದು ತಿರುಗುಗುಂಡಿ ಇದೆ, ಎರಡು ಪೆಟ್ಟಿಗೆ ಕಟ್ಟಿದರೆ ಅದನ್ನು ತಿರುಗಿಸುತ್ತಿದ್ದೆ, ಅಷ್ಟೇ. ಇದಕ್ಕೆ ಅಂಥ ಗುಂಡಿ ಇಲ್ಲ ಎಂದು ಕಂಡೆ. ಕಂಡೂ ಕಟ್ಟಿದೆ.

ಮದುಮಕ್ಕಳ ಮಾರ್ಚ್ ಶುರುವಾಯಿತು. ಮುಂದೆ ಮದುಮಕ್ಕಳು, ಹಿಂದೆ ಐವತ್ತು ಅರವತ್ತು ಜೋಡಿ ಕೈ ಹಿಡಿದು ಸಾಲು. ಆ ಸಾಲನ್ನು ಎಳೆಯುವುದು ತುತ್ತೂರಿಯಲ್ಲ, ಬಾಸ್. ಹೆಜ್ಜೆ ಇಡುವುದು ನನ್ನ ಮೇಲೆ. ಸಾಲು ಎರಡಾಗಿ ಬಿಚ್ಚಿ ಕಮಾನು ಕಟ್ಟುವ ಹೊತ್ತಿಗೆ ಸರಿಯಾಗಿ ಹೆಡ್ಡಿನ ಮೇಲೆ ಕೆಂಪು ದೀಪ ಹತ್ತಿ ದನಿ ನಿಂತಿತು. ಮುಂದಿನವರು ನಿಂತರು, ಹಿಂದಿನವರು ನಿಲ್ಲಲಿಲ್ಲ. ಒಬ್ಬಳ ಉದ್ದ ಲಂಗದ ಮೇಲೆ ಇನ್ನೊಬ್ಬನ ಬೂಟು. ವರನ ಅಜ್ಜಿ ಕುರ್ಚಿಯಲ್ಲಿ ಕೂತಲ್ಲಿಂದಲೇ, “ಮಾರ್ಚ್ ಮುರೀತು, ಇನ್ನು ಸಂಸಾರ ಕುಂಟುತ್ತೆ” ಎಂದು ಶಿಲುಬೆ ಎಳೆದುಕೊಂಡಳು. ಮೇಸ್ತ ತಿರುಗಿ ನೋಡಿದ. ನಾನು ಏನು ಹೇಳಿದೆ ಗೊತ್ತೇ? “ಲಿಂಡಾನ ಮಗಳು ಕೊಟ್ಟ ಆಟದ ಸಾಮಾನು. ಅವಳ ಮಾತು ಕೇಳಿ ಕೆಟ್ಟೆ.”

ಅಷ್ಟು ಸಲೀಸಾಗಿ ಬಂತು ಬಾಯಿಗೆ.

ಮಾರನೇ ದಿನ ಬೆಳಿಗ್ಗೆ ಮನೆಯಲ್ಲಿ ಒಂದೇ ಪೆಟ್ಟಿಗೆಗೆ ಹಾಕಿ ಹಚ್ಚಿದೆ. ಏನೂ ಆಗದವರ ಹಾಗೆ ನುಡಿಯಿತು. ಅದು ಸತ್ತಿರಲಿಲ್ಲ, ಸುಟ್ಟುಕೊಳ್ಳದೆ ತನ್ನನ್ನು ತಾನು ಉಳಿಸಿಕೊಂಡಿತ್ತು. ಆ ಹೊತ್ತಿಗೆ ಮಾತು ಫೆರಿ ದಾಟಿ ಆಗಿತ್ತು. ಮೇಸ್ತ ಹೇಳಿದನಂತೆ, “ಪೇಟೆಯ ಕಿವಿ. ಅಂಥ ಡಬ್ಬಿ ತರುವವರು ನನ್ನ ವೇದಿಕೆ ಹತ್ತೋದು ಬೇಡ.” ನೀನು ಅದನ್ನು ಕೇಳಿ ಮೇಸ್ತನಿಗೆ ಕ್ಷಮೆ ಕೇಳಿ ಬರೆದೆ. ನಾನು ಕಳಿಸಿದ ಯಂತ್ರವನ್ನು ನೀನು ಗೆಳತಿಗೆ ಮರಳಿಸಿದೆ. ಗೆಳತಿ ಏನೂ ಕೆಟ್ಟಿಲ್ಲ ಅಂದಳು ಅಂತ ನನಗೂ ಬರೆದಿದ್ದೆ, ‘ಕೆಟ್ಟಿಲ್ಲ ಅಂದರೆ ನಮ್ಮ ಮಾರ್ಚಿಗೆ ಅದರ ಶಕ್ತಿ ಸಾಲದು, ನಾನೇ ಹಾಲಿನಲ್ಲಿ ಕೇಳಿ ಮೋಸ ಹೋದೆ’ ಎಂದು. ಮೋಸ ಮಾಡಿದ್ದು ಯಂತ್ರವೂ ಅಲ್ಲ, ನಿನ್ನ ಕಿವಿಯೂ ಅಲ್ಲ. ನಿನ್ನ ಹೆಸರಿನ ಹಿಂದೆ ಅಡಗಿಕೊಂಡು ಆರು ತಿಂಗಳು ಊಟ ಮಾಡಿದವನು ನಾನು.

ಕ್ಷಮಿಸು ಎಂಬ ಮಾತನ್ನು ನಾನು ಜೀವನದಲ್ಲಿ ಎಷ್ಟು ಸಲ ಬರೆದಿದ್ದೇನೆ ಎಂದು ಯೋಚಿಸಿದೆ. ಇದೇ ಮೊದಲು. ನೆಟ್ಟಗೆ ಬರೆದಿದ್ದೇನೋ ಇಲ್ಲವೋ ನೋಡಿಕೋ.

ಈಗ ನಿನ್ನೆಯದು ಕೇಳು. ಇದನ್ನು ಬರೆಯಲು ಮಾತ್ರ ನನಗೆ ಬೇಜಾರಿಲ್ಲ.

ಶನಿವಾರ ಮಧ್ಯಾಹ್ನ ಊಟವಾದ ಮೇಲೆ ಎಲ್ಲರನ್ನೂ ಇಗರ್ಜಿಯ ಹಾಲಿಗೆ ಕರೆದೆ. ಒಂದು ಕಿಲೋದ್ದೂ ನಾಲ್ಕು ಕಿಲೋದ್ದೂ ಮುಗಿದವು. ಆಮೇಲೆ ಮೇಸ್ತನಿಗೆ ಹೇಳಿದೆ, ನೀನು ಗೋಡೆ ಕಡೆ ಮುಖ ಮಾಡಿ ನಿಂತು ತುತ್ತೂರಿ ಊದು, ನಾನು ಎರಡು ಹೆಡ್‌ನಲ್ಲಿ ನುಡಿಸುತ್ತೇನೆ, ಯಾವುದು ನಿನ್ನ ಬ್ಯಾಂಡಿಗೆ ಬೇಕು ಹೇಳು. “ನಾನೇನು ತಪ್ಪು ಮಾಡಿದ್ದೇನೆ, ಗೋಡೆ ನೋಡಿ ನಿಲ್ಲೋಕೆ?” ಎಂದ. ಗೊಣಗುತ್ತಾ ನಿಂತ. ಪೆಟ್ಟಿಗೆ ಒಂದೇ, ಗಿಟಾರು ಒಂದೇ. ಒಂದು ಸಲ ಎಮ್ಮೆ, ಒಂದು ಸಲ ಬಿಸ್ಕತ್ತಿನ ಡಬ್ಬಿ. ಡಬ್ಬಿಯ ಗುಂಡಿಗಳನ್ನು ಮೇ ತಿಂಗಳಲ್ಲಿ ನೀನು ಹೇಗೆ ಇಟ್ಟಿದ್ದೆಯೋ ಹಾಗೇ ಇಟ್ಟೆ. ಕೆಳಸ್ವರ ನೆಟ್ಟಗೆ, ನಡುವಿನದ್ದು ಸ್ವಲ್ಪ ಮೇಲೆ. ಅಷ್ಟನ್ನು ಮಾತ್ರ ಮರೆತಿರಲಿಲ್ಲ.

ಮೊದಲು ಮಾರ್ಚ್. ಎರಡೂ ಮುಗಿದ ಮೇಲೆ ಮೇಸ್ತ ಗೋಡೆಗೇ ಹೇಳಿದ, “ಎರಡನೇದು. ಕೇಳೋದೇನಿದೆ? ಎಮ್ಮೆ ಅದು. ನಲವತ್ತು ವರ್ಷದಿಂದ ನನ್ನ ಬೆನ್ನಿಗೆ ಒದೀತಾ ಇದೆ, ಗೊತ್ತಾಗಲ್ವಾ ನಂಗೆ?” ಬಾಸ್ತ್ಯಾಂವ್ ಕೋಲುಗಳನ್ನು ಬಾಯಿಗೆ ಅಡ್ಡ ಹಿಡಿದು ನಗು ನುಂಗಿದ. ಎರಡನೆಯದು ಡಬ್ಬಿ. ಆಮೇಲೆ ಕೊಂಕಣಿ ಹಾಡುಗಳನ್ನು ಒಂದಕ್ಕೊಂದು ಪೋಣಿಸಿದ ಮಸಾಲಾ ನುಡಿಸಿದೆವು. ಮತ್ತೆ ಡಬ್ಬಿಗೇ ಎಮ್ಮೆ ಅಂದ. ನಿಧಾನದ ವಾಲ್ಟ್ಸಿನಲ್ಲಿ ಮಾತ್ರ ಸರಿಯಾಗಿ ಹಿಡಿದ, ಅಲ್ಲಿ ಎಮ್ಮೆಯೇ ಮೇಲು. ಅದನ್ನು ನಾನು ಮುಚ್ಚಿಡುವುದಿಲ್ಲ. ವಾಲ್ವಿನ ಆ ಎಳೆತ ಎರಡೂವರೆ ಕಿಲೋದಲ್ಲಿ ಇಲ್ಲ, ಬರುವುದೂ ಇಲ್ಲ. ಆದರೆ ಇಡೀ ಮದುವೆಯಲ್ಲಿ ವಾಲ್ಟ್ಸ್ ಎಷ್ಟು, ಮಾರ್ಚ್ ಎಷ್ಟು, ಮಸಾಲಾ ಎಷ್ಟು ನೀನೇ ಲೆಕ್ಕ ಹಾಕು.

ಮೇಸ್ತ ತಿರುಗಿದ. ಡಬ್ಬಿಯ ಮೇಲೆ ನನ್ನ ಕೈ ನೋಡಿದ. ಅವನ ಮುಖ ನೋಡಬೇಕಿತ್ತು, ಮಗಳೇ, ಉಪವಾಸದ ಶುಕ್ರವಾರ ಮಾಂಸ ತಿಂದು ಸಿಕ್ಕಿಬಿದ್ದವನ ಹಾಗೆ. ಆಗ ನಾನು ಹೇಳಿದೆ, ಆಲ್ದೋಣೆಯಲ್ಲಿ ನಿಂತುಹೋದದ್ದು ಇದೇ ಮಾದರಿ, ನಿಲ್ಲಿಸಿದವನು ನಾನು. ಎರಡು ಪೆಟ್ಟಿಗೆ ಕಟ್ಟಿದ್ದು, ಪಟ್ಟಿ ಕಿತ್ತದ್ದು, ನಿನ್ನ ಹೆಸರು ಹೇಳಿದ್ದು, ಎಲ್ಲ ಹೇಳಿದೆ. ಐದು ಜನರ ಮುಂದೆ ಹೇಳಿದೆ. ಒಬ್ಬರೂ ನಗಲಿಲ್ಲ. ನಕ್ಕಿದ್ದರೆ ಹಗುರವಾಗುತ್ತಿತ್ತು.

ಮೇಸ್ತ ತುತ್ತೂರಿಯ ನೀರನ್ನು ನೆಲಕ್ಕೆ ಬಿಟ್ಟು, ಬಟ್ಟೆಯಿಂದ ಒರೆಸಿ, ಮತ್ತೆ ಒರೆಸಿದ. ಆಮೇಲೆ, “ಆರು ತಿಂಗಳು ಆ ಹುಡುಗಿ ಹೆಸರು ತಿಂದ್ಯಲ್ಲೋ ಮುದಿಯಾ” ಎಂದ. “ಅವಳು ನಂಗೆ ಕ್ಷಮೆ ಕೇಳಿ ಪತ್ರ ಬರೆದಿದ್ದಾಳೆ. ನಾನು ಅದನ್ನ ನನ್ನ ಹೆಂಡತಿಗೆ ಓದಿ ತೋರಿಸಿ ದೊಡ್ಡಸ್ತಿಕೆ ಹೊಡೆದಿದ್ದೇನೆ. ಈಗ ಅವಳ ಮುಂದೆ ಯಾವ ಮುಖ ಹೊತ್ಕೊಂಡು ಹೋಗ್ಲಿ?” ನನ್ನ ಮುಖ ಬೇಕಾದರೆ ಕೊಡುತ್ತೇನೆ ಎಂದೆ. “ಅದು ಯಾರಿಗೆ ಬೇಕು?” ಎಂದ. ಡಬ್ಬಿಯನ್ನು ಬಗ್ಗಿ ನೋಡಿ ಕೇಳಿದ, “ಆ ಗುಂಡಿಗಳನ್ನ ಹಾಗೆ ಇಡೋಕೆ ಯಾರು ಹೇಳಿಕೊಟ್ರು ನಿಂಗೆ? ನೀನು ಯಾವಾಗ್ಲೂ ಕೆಳಸ್ವರ ಏರಿಸಿ ನನ್ನ ತುತ್ತೂರಿ ಮುಳುಗಿಸೋನು.” ಅವಳು ಎಂದೆ.

ಆ ಹೊತ್ತಿನಲ್ಲಿ ನನಗಾದದ್ದನ್ನು ಬರೆಯಲು ನಾಲ್ಕನೇ ಇಯತ್ತೆ ಸಾಲದು. ನನ್ನ ಮಾನ ಹೋಗಿತ್ತು. ಆದರೂ ಎದೆ ಇಷ್ಟಗಲ. ಆ ಹಾಲಿನಲ್ಲಿ ನಲವತ್ತೊಂದು ವರ್ಷ ನಾನು ನುಡಿಸಿದ್ದಕ್ಕಿಂತ, ನೀನಿಲ್ಲದೆ ನಿನ್ನ ಕಿವಿ ನುಡಿಸಿದ ಆ ಹದಿನೈದು ನಿಮಿಷ ಮೇಲು. ಬಾಸ್ತ್ಯಾಂವ್ ನನ್ನ ಒಳ್ಳೇ ಕಿವಿಯ ಹತ್ತಿರ ಬಂದು, “ಸಾಂತಾನ್, ಹುಡುಗಿ ಗೆದ್ದಳು ಕಣೋ” ಎಂದು ಕೂಗಿದ. ಅಷ್ಟು ಕೂಗುವ ಅಗತ್ಯ ಇರಲಿಲ್ಲ.

ಮೇಸ್ತನ ಕೊನೆಯ ಮಾತು ಇದು. ವೇದಿಕೆ ನಿನ್ನದು. ಆದರೆ ಬರುತ್ತೇನೆ ಎಂಬುದನ್ನು ನೀನೇ ಹೇಳಬೇಕು. ಸಾಂತಾನ್ ಹೇಳಿದ ಯಾವ ಮಾತನ್ನೂ ಅವನು ಇನ್ನು ಆರು ತಿಂಗಳು ನಂಬುವುದಿಲ್ಲವಂತೆ. ಅದು ನ್ಯಾಯ. ಆಗಮನದ ಮೊದಲ ಭಾನುವಾರದವರೆಗೆ ಕಾಯುತ್ತಾನೆ, ಆಮೇಲೆ ಜೋವಿತನ ಎಡಗೈ.

ಶಾಲೆಗೆ ಕ್ರಿಸ್ಮಸ್ ರಜ, ಆಮೇಲೆ ಶನಿವಾರ ಭಾನುವಾರಗಳು. ಶುಕ್ರವಾರ ಸಂಜೆ ರೈಲು ಹತ್ತಿದರೆ ಬೆಳಿಗ್ಗೆ ಕರ್ಮಾಲಿಯಲ್ಲಿ ಇಳಿಯುತ್ತೀಯ. ಬೆನ್ನಿಗೆ ಗಿಟಾರು, ಚೀಲದಲ್ಲಿ ಎರಡೂವರೆ ಕಿಲೋ. ಯಾವ ಪೈಲಟನೂ ಬೇಡ ಅನ್ನುವುದಿಲ್ಲ. ನಾನು ಎಮ್ಮೆ ಹೊತ್ತು ಹೋಗಲಾಗದೆ ಬಿಟ್ಟ ಊರುಗಳೆಷ್ಟೋ ಇವೆ, ಗುಡ್ಡದ ಮೇಲಿನ ಮನೆಗಳು, ಎರಡು ಫೆರಿಯ ದಾರಿಗಳು. ನೀನು ಎಲ್ಲ ಕಡೆಗೂ ಹೋಗಬಹುದು. ಪೆಟ್ಟಿಗೆ ನನ್ನದೇ ಇಲ್ಲಿದೆ, ಅದನ್ನು ಟೆಂಪೋದಲ್ಲಿ ಹಾಕಿಸುತ್ತೇನೆ. ಆದರೆ ಮೊದಲು ನಿನ್ನ ದುಡ್ಡಿನಲ್ಲಿ ನೀನೇ ಆ ಹೆಡ್ ಕೊಳ್ಳು. ನಾನು ಕೊಡಿಸುವುದಿಲ್ಲ. ನಾನು ಕೊಡಿಸಿದರೆ ಅದು ನಾನು ಆರಿಸಿದ್ದಾಗುತ್ತದೆ. ಅದನ್ನು ಆರಿಸಿದವಳು ನೀನು, ಮೇ ತಿಂಗಳಲ್ಲೇ.

ನಿನ್ನ ಅಮ್ಮನಿಗೂ ಇವತ್ತು ಬೆಳಿಗ್ಗೆ ಎಲ್ಲ ಹೇಳಿದ್ದೇನೆ. ಮೀನಿನ ಸಾರು ಬಡಿಸುತ್ತಿದ್ದವಳು ಸೌಟು ಹಾಗೇ ಹಿಡಿದು ನಿಂತಳು. ಆಮೇಲೆ ಬಾಲದ ತುಂಡನ್ನು ನನ್ನ ತಟ್ಟೆಗೆ ಹಾಕಿ, ಯಾವಾಗಲೂ ನನಗೆ ಬರುವ ತಲೆಯ ತುಂಡನ್ನು ತಾನೇ ತಿಂದಳು. ಒಂದು ವಾರ ಹೀಗೇ ನಡೆಯುತ್ತದೆ ಎಂದು ಕಾಣುತ್ತದೆ.

ದೇವರು ನಿನಗೆ ಒಳ್ಳೆಯದು ಮಾಡಲಿ. ಬೆರಳ ಉಗುರು ಕತ್ತರಿಸಿಕೋ.

ನಿನ್ನ ಅಮ್ಮನಿಗಿಂತ ಮೊದಲು ಹುಟ್ಟಿದ, ನಿನ್ನ ಕಿವಿಗಿಂತ ಹಿಂದೆ ಬಿದ್ದ
ತಿತೀವ್ ಸಾಂತಾನ್

ಮರೆತಿದ್ದೆ: ಹೊಸ ವರ್ಷಕ್ಕೆ ಬ್ಯಾಂಡಿನ ಕ್ಯಾಲೆಂಡರ್ 
ಅಚ್ಚಿಗೆ ಕೊಡುವ ಕೆಲಸ ಪ್ರತಿ ವರ್ಷ ನನ್ನದೇ. ಪ್ರತಿ ಊರಿನ ಪಾದ್ರಿಯ ಮನೆಯಲ್ಲೂ ಪೊದೇರನ ಅಂಗಡಿಯಲ್ಲೂ ತೂಗುತ್ತದೆ ಅದು. ಶುಕ್ರವಾರ ಕುಂಡೈಕರನ ಅಂಗಡಿಗೆ ಹೋಗುವ ಮೊದಲೇ, ಮೇಸ್ತ ಇನ್ನೂ ಏನೂ ಕೇಳಿರದಾಗಲೇ, ಪಣಜಿಯ ಪ್ರೆಸ್ಸಿನಲ್ಲಿ ಇಳಿದು ನನ್ನ ಹೆಸರು ತೆಗೆಸಿ ನಿನ್ನದು ಹಾಕಿಸಿ ಬಂದಿದ್ದೆ. ಪ್ರೆಸ್ಸಿನವನು, “ಆವರಣದಲ್ಲಿ ‘ಸಾಂತಾನ್ ಅವರ ತಂಗಿಯ ಮಗಳು’ ಅಂತ ಹಾಕಲಾ? ಜನಕ್ಕೆ ಗುರುತು ಸಿಗುತ್ತೆ” ಅಂದ. ಬೇಡ, ಬಾಸ್: ವೆಲೆನ್ಸಿಯಾ ಮಸ್ಕರೇನ್ಹಸ್, ಅಷ್ಟೇ ಹಾಕು ಎಂದೆ. ಐನೂರು ಪ್ರತಿ. ಇಪ್ಪತ್ತೊಂಬತ್ತಕ್ಕೆ ಅಚ್ಚಿನ ಯಂತ್ರಕ್ಕೆ ಹಾಕುತ್ತಾನೆ, ಆಮೇಲೆ ಹೆಸರು ಬದಲಿಸಲಾಗದು. ಮೇಸ್ತನಿಗೆ ನೇರವಾಗಿ ಬರಿ, ನನಗೆ ಬೇಡ. ನವೆಂಬರ್ ಇಪ್ಪತ್ತೆಂಟರೊಳಗೆ ಉತ್ತರ ಇಲ್ಲಿ ಮುಟ್ಟಿರಬೇಕು.